ಅಭಯದಾನ ಮತ್ತು ಮಕ್ಕಳ ಮನಸ್ಸು: ಬೀದರ ಜಿಲ್ಲೆಯ ಇತಿಹಾಸದ ಪಾಠ

ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳು ಶ್ರಾವಕಧರ್ಮದ ಅಂಗಗಳೆಂಬುದನ್ನು ನಾವೆಲ್ಲರೂ ಬಲ್ಲೆವು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ದಾನಚಿಂತಾಮಣಿ ಅತ್ತಿಮಬ್ಬೆಯ ಶಾಸ್ತ್ರದಾನವನ್ನು ಇಂದಿಗೂ ಸ್ಮರಿಸುತ್ತೇವೆ. ಅಭಯದಾನವೆಂದೊಡನೆ ಮಾತ್ರ ನಮ್ಮ ವಿಚಾರ ಪ್ರಾಣಿರಕ್ಷಣೆಯವರೆಗೆ ಹೋಗಿ ನಿಲ್ಲುತ್ತದೆ. ನಮ್ಮದೇ ಮನೆಯಲ್ಲಿ ಅಂಜಿ ಬಾಳುವ ಮಗುವಿಗೆ ಧೈರ್ಯವೀಯುವುದೂ ಅದೇ ದಾನವಲ್ಲವೇ? ಇದಕ್ಕೆ ಬೀದರ ಜಿಲ್ಲೆಯ ಇತಿಹಾಸದಲ್ಲಿ ಉತ್ತರವುಂಟು.

ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿ ಆಡಳಿತದ ಭಾಷೆ ಉರ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿಯೇ ನಡೆಯುತ್ತಿತ್ತು. ಭಾಲ್ಕಿ, ಔರಾದ ಭಾಗದಲ್ಲಿ ಕನ್ನಡವನ್ನೋ ಮರಾಠಿಯನ್ನೋ ಆಡುತ್ತ ಬೆಳೆದ ಮಗು ವಿದ್ಯೆಯಲ್ಲಿ ಮುಂದುವರಿಯಬೇಕಾದರೆ ಮನೆಯ ನುಡಿಯನ್ನು ಹೊಸ್ತಿಲಲ್ಲಿಯೇ ಬಿಟ್ಟು ಹೋಗಬೇಕಾಗಿತ್ತು. ಇಲ್ಲಿ ಉರ್ದುವಿನ ದೋಷವೇನೂ ಇಲ್ಲ. ಅರ್ಥವಾಗದೆ ಮೂಕವಾಗಿ ಕುಳಿತ ಮಗುವಿನಲ್ಲಿ ಹುಟ್ಟುವ ಅಂಜಿಕೆ, ಕೀಳರಿಮೆಗಳನ್ನು ಯಾರೂ ಗಣಿಸಲಿಲ್ಲವೆಂಬುದೇ ದೋಷ.

ಅದನ್ನು ಗಣಿಸಿದವರು ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು (1889–1999). ಹೊರಗೆ ಉರ್ದು ಫಲಕವನ್ನು ತೂಗಿಸಿ ಒಳಗೆ ಕನ್ನಡ ಕಲಿಸಿದ ಅವರ ಶಾಲೆಯ ಸಂಗತಿ ಈ ಭಾಗದಲ್ಲಿ ಮನೆಮಾತಾಗಿದೆ. ಅಕ್ಷರದೊಡನೆ ಬಡಮಕ್ಕಳಿಗೆ ಅನ್ನ, ಆಶ್ರಯಗಳನ್ನೂ ಅವರು ಒದಗಿಸಿದರು. ಗುಣವಂತರಲ್ಲಿ ಪ್ರಮೋದಭಾವ ತಾಳಬೇಕೆಂಬುದು ನಮ್ಮ ಶಾಸ್ತ್ರದ ಉಪದೇಶ. ಅನ್ಯ ಸಂಪ್ರದಾಯದವರಾದರೂ ಆ ಪೂಜ್ಯರು ಮಾಡಿದ್ದು ಅಭಯದಾನವೇ ಸರಿ.

1948ರಲ್ಲಿ ಇದೇ ಜಿಲ್ಲೆ ಇದಕ್ಕಿಂತ ಘೋರವಾದ ಭಯವನ್ನು ಕಂಡಿತು. ಮೇ ತಿಂಗಳಲ್ಲಿ ಗೋರಟಾ ಗ್ರಾಮದಲ್ಲಿ ರಜಾಕಾರರು ಹತ್ಯಾಕಾಂಡ ನಡೆಸಿದರು. ಸೆಪ್ಟೆಂಬರಿನ ಸೈನಿಕ ಕಾರ್ಯಾಚರಣೆಯ ಬಳಿಕ ಮುಸಲ್ಮಾನ ಕುಟುಂಬಗಳು ಪ್ರತೀಕಾರಕ್ಕೆ ಬಲಿಯಾದವು; ಪಂಡಿತ ಸುಂದರಲಾಲ್ ಸಮಿತಿಯು ಅತ್ಯಧಿಕವಾಗಿ ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರನ್ನೂ ಹೆಸರಿಸಿತು. ಸತ್ತವರ ಲೆಕ್ಕ, ಸುಟ್ಟ ಮನೆಗಳ ಲೆಕ್ಕ ಎಲ್ಲರ ಬಾಯಲ್ಲಿದೆ. ಅದನ್ನೆಲ್ಲ ಕಣ್ಣಾರೆ ಕಂಡ ಮಕ್ಕಳ ಭಯ ಮಾತ್ರ ಯಾವ ಖಾತೆಗೂ ಜಮೆಯಾಗಲಿಲ್ಲ. ಅವರನ್ನು ಕೂರಿಸಿಕೊಂಡು ಕೇಳುವ ಪರಿಪಾಠವೇ ಅಂದು ಇರಲಿಲ್ಲ.

ಇಂದು ಕೇಳುವವರಿದ್ದಾರೆ. 1985ರಿಂದ 1990ರವರೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಿಬ್ಬಂದಿಗೆ ತರಬೇತಿ ನೀಡಿ, ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ತಲುಪಿಸಬಹುದೆಂದು ತೋರಿಸಿತು. ಆ ಪ್ರಯೋಗವೇ ಮಾದರಿಯಾಗಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಆರಂಭವಾಯಿತು. ಬೀದರ ನಗರದಲ್ಲಿ ಸರಕಾರಿ ವೈದ್ಯಕೀಯ ಕಾಲೇಜಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳು ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು.

ಆದರೂ ಮಗು ನಿದ್ದೆಗೆಟ್ಟಾಗ, ಊಟ ಬಿಟ್ಟಾಗ, ಗೆಳೆಯರಿಂದ ದೂರ ಸರಿದಾಗ ನಾವು ಕರ್ಮೋದಯವೆಂದು ಸುಮ್ಮನಾಗುತ್ತೇವೆ. ಇಲ್ಲವೆ, ಮುಂದೆ ಸಂಬಂಧ ಕೂಡಿಬರುವುದಿಲ್ಲವೆಂದು ಮುಚ್ಚಿಡುತ್ತೇವೆ. ಜ್ವರ ಬಂದಾಗ ಕರ್ಮೋದಯವೆಂದು ಔಷಧವನ್ನು ಬಿಡುತ್ತೇವೆಯೆ? ಭೈಷಜ್ಯದಾನ ದೇಹಕ್ಕಷ್ಟೇ ಎಂದು ಯಾವ ಆಚಾರ್ಯರೂ ಗೆರೆ ಎಳೆದಿಲ್ಲ. ಮನೋವಚನಕಾಯಗಳಿಂದ ಹಿಂಸೆಯನ್ನು ತ್ಯಜಿಸಿದವನು ನೆರೆಮನೆಯ ಮಗುವಿನ ಅಂಕಗಳನ್ನು ತೋರಿಸಿ ತನ್ನ ಮಗುವನ್ನು ಚುಚ್ಚಲಾಗದು. ಪರ್ಯೂಷಣದ ಉಪವಾಸವೂ ಅಷ್ಟೇ: ಹಿರಿಯರ ಹೊಗಳಿಕೆಗಾಗಿ ಮಗು ಹಸಿದಿದ್ದರೆ ಅದು ತಪಸ್ಸಲ್ಲ.

ನಮ್ಮ ಬಸದಿಗಳ ಆಡಳಿತ ಮಂಡಳಿಗಳು ಮೂರು ಕಾರ್ಯಗಳನ್ನು ಕೈಗೊಳ್ಳಬಹುದು. ಪಾಠಶಾಲೆಗೆ ವರ್ಷಕ್ಕೊಮ್ಮೆಯಾದರೂ ಮನೋವೈದ್ಯರನ್ನು ಕರೆಸಬೇಕು. 14416 ಸಂಖ್ಯೆಯನ್ನು ಬಸದಿಯ ಫಲಕದಲ್ಲಿ ಬರೆಯಿಸಬೇಕು. ಪ್ರತಿಭಾ ಪುರಸ್ಕಾರದ ವೇದಿಕೆಯಲ್ಲಿ ಅಂಕಗಳನ್ನು ಸಾರುವುದನ್ನು ನಿಲ್ಲಿಸಬೇಕು. ಇವುಗಳಿಗೆ ಹೆಚ್ಚಿನ ಖರ್ಚಿಲ್ಲ.

ಇನ್ನು ಮನೆಯಲ್ಲಿ ಮಾಡಬೇಕಾದುದು ಒಂದಿದೆ. ಕ್ಷಮಾವಾಣಿಯ ದಿನ ಕಿರಿಯರಷ್ಟೇ ಹಿರಿಯರ ಕ್ಷಮೆ ಬೇಡುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಸಮಸ್ತ ಜೀವರಾಶಿಯ ಕ್ಷಮೆ ಬೇಡುವ ನಾವು, ಆ ದಿನ ಮಗುವಿನೆದುರು ಕುಳಿತು, 'ನನ್ನ ಮಾತಿನಿಂದ ನಿನಗೆ ನೋವಾಗಿದ್ದರೆ ಕ್ಷಮಿಸು' ಎಂದು ಕೇಳೋಣ. ಆಗ ಮಗು ತನ್ನ ಅಂಜಿಕೆಯನ್ನು ಹೇಳತೊಡಗಿದರೆ, ನಡುವೆ ಬಾಯಿಹಾಕದೆ ಕೇಳೋಣ.