ಪಟ್ಟವೇರಿ ಇಳಿದವರು: ಕೆರೂರಿನ ಎಸ್. ಆರ್. ಕಂಠಿ

ನಮ್ಮೂರ ಹೆಸರಿನಲ್ಲೇ ಪಟ್ಟವಿದೆ. ಚಾಲುಕ್ಯ ಅರಸರಿಗೆ ಇಲ್ಲಿ ಪಟ್ಟಾಭಿಷೇಕ ಆಗುತ್ತಿತ್ತೆಂದು ಶಾಲೆಯಲ್ಲಿ ಕಲಿತಿದ್ದೇವೆ, ಬಂದ ಪ್ರವಾಸಿಗರಿಗೂ ಹೇಳುತ್ತೇವೆ. ಆದರೆ ಇದೇ ಬಾದಾಮಿ ತಾಲ್ಲೂಕಿನ ಕೆರೂರಿನಲ್ಲಿ ಹುಟ್ಟಿದ ಒಬ್ಬರು ನಮ್ಮ ಅಜ್ಜಂದಿರ ಕಾಲದಲ್ಲಿ ರಾಜ್ಯದ ಮುಖ್ಯಮಂತ್ರಿಯಾಗಿದ್ದರು ಎಂಬುದು ನನ್ನ ಓರಗೆಯ ಅನೇಕರಿಗೆ ತಿಳಿದಿಲ್ಲ. ಅವರೇ ಶಿವಲಿಂಗಪ್ಪ ರುದ್ರಪ್ಪ ಕಂಠಿ.

ಕಂಠಿಯವರು ಹುಟ್ಟಿದ್ದು 1908ರಲ್ಲಿ. ಆಗ ನಮ್ಮ ಸೀಮೆ ಮುಂಬಯಿ ಆಡಳಿತಕ್ಕೆ ಸೇರಿದ ವಿಜಾಪುರ ಜಿಲ್ಲೆಯಲ್ಲಿತ್ತು. ಕೊಲ್ಹಾಪುರದಲ್ಲಿ ಓದಿದ ಅವರು ಕಾನೂನು ಪದವೀಧರರು. 1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಹುನಗುಂದದಿಂದ ಗೆದ್ದು ಮುಂಬಯಿ ವಿಧಾನಸಭೆಗೆ ಹೋದರು. ಅಲ್ಲಿ ಉಪಸಭಾಧ್ಯಕ್ಷರಾದರು.

1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕಂಠಿಯವರು ಮೈಸೂರು ರಾಜ್ಯದ ವಿಧಾನಸಭಾಧ್ಯಕ್ಷರಾದರು. ಮೈಸೂರು, ಮುಂಬಯಿ, ಹೈದರಾಬಾದ್, ಮದರಾಸು, ಕೊಡಗು ಹೀಗೆ ಐದು ಆಡಳಿತಗಳ ರೂಢಿಯಲ್ಲಿ ಬೆಳೆದವರು ಒಂದೇ ಸಭೆಯಲ್ಲಿ ಕೂತಿದ್ದ ಕಾಲವದು. ಆ ಸಭೆಯನ್ನು ಅವರು 1962ರವರೆಗೆ ನಡೆಸಿದರು.

1962ರ ಚುನಾವಣೆಯಲ್ಲಿ ಕಾಂಗ್ರೆಸ್ ಬಹುಮತ ಪಡೆಯಿತು. ಆದರೆ ಅದರ ಹಿರಿಯ ನಾಯಕ ಎಸ್. ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಸೋತರು. ಶಾಸಕರಲ್ಲದವರೂ ಆರು ತಿಂಗಳು ಮಂತ್ರಿಯಾಗಿರಲು ಸಂವಿಧಾನ ಅವಕಾಶ ಕೊಡುತ್ತದೆ. ಆದರೂ ಆ ದಾರಿ ಹಿಡಿಯದೆ ಕಂಠಿಯವರನ್ನು ಮುಖ್ಯಮಂತ್ರಿ ಮಾಡಲಾಯಿತು. ಮಾರ್ಚ್ 14ರಂದು ಅವರು ಅಧಿಕಾರ ವಹಿಸಿಕೊಂಡರು. ಬಾಗಲಕೋಟೆಯ ಶಾಸಕ ಬಿ. ಟಿ. ಮುರನಾಳರು ತಮ್ಮ ಸ್ಥಾನ ಬಿಟ್ಟುಕೊಟ್ಟರು. ಅಲ್ಲಿಂದ ನಿಜಲಿಂಗಪ್ಪನವರು ಆಯ್ಕೆಯಾದರು. ಜೂನ್‌ನಲ್ಲಿ ಕಂಠಿಯವರು ರಾಜೀನಾಮೆ ಕೊಟ್ಟು ಕುರ್ಚಿಯನ್ನು ಅವರಿಗೆ ಒಪ್ಪಿಸಿದರು. ಅಲ್ಲಿಗೆ ಇನ್ನೂ ನೂರು ದಿನವೂ ತುಂಬಿರಲಿಲ್ಲ.

ಪಕ್ಷದ ಒಳಗಿನ ಏರ್ಪಾಟಿನಂತೆ ನಡೆದುಕೊಂಡದ್ದರಲ್ಲಿ ದೊಡ್ಡತನವೇನು ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ ಅದು. ಹಿರಿಯರು ಅವರನ್ನು ರಾಮಾಯಣದ ಭರತನಿಗೆ ಹೋಲಿಸುತ್ತಾರೆ. ಆದರೆ ಭರತ ಪಾದುಕೆಯನ್ನು ಸಿಂಹಾಸನದ ಮೇಲಿಟ್ಟು ತಾನು ದೂರ ಉಳಿದ. ಕಂಠಿಯವರು ಕುರ್ಚಿಯಲ್ಲೇ ಕೂತಿದ್ದರು, ಅಧಿಕಾರವೂ ಅವರ ಕೈಯಲ್ಲಿತ್ತು. ಏರದೆ ಉಳಿಯುವುದಕ್ಕಿಂತ ಏರಿದ ಮೇಲೆ ಇಳಿಯುವುದು ಕಷ್ಟ. ಐದು ವರ್ಷಕ್ಕೂ ಹೆಚ್ಚು ಕಾಲ ಸಭಾಧ್ಯಕ್ಷರ ಪೀಠದಲ್ಲಿದ್ದವರಿಗೆ ಪೀಠ ತನ್ನದಲ್ಲ, ಸಭೆಯದು ಎಂಬುದು ಚೆನ್ನಾಗಿ ಗೊತ್ತಿತ್ತೆಂದು ನನಗೆ ಅನಿಸುತ್ತದೆ.

ಇಳಿದ ಮೇಲೆ ಅವರು ಮಾಡಿದ್ದು ನನಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ. ಮುಖ್ಯಮಂತ್ರಿಯಾಗಿದ್ದವರು ಮುನಿಸಿಕೊಂಡು ಮನೆಯಲ್ಲಿ ಕೂರಲಿಲ್ಲ. ಅದೇ ನಿಜಲಿಂಗಪ್ಪನವರ ಸಂಪುಟದಲ್ಲಿ ಶಿಕ್ಷಣ ಸಚಿವರಾಗಿ ಕೆಲಸ ಮಾಡಿದರು. ಆ ಕಾಲದಲ್ಲೇ, 1963ರ ಸೆಪ್ಟೆಂಬರಿನಲ್ಲಿ, ವಿಜಾಪುರದಲ್ಲಿ ಸೈನಿಕ ಶಾಲೆ ಆರಂಭವಾಯಿತು. ಬೆಂಗಳೂರಿಗೋ ಮೈಸೂರಿಗೋ ಹೋಗಬಹುದಾಗಿದ್ದ ಶಾಲೆ ಬರಗಾಲದ ಸೀಮೆಗೆ ಬಂತು. ರೈತರ ಮಕ್ಕಳೂ ಸೇನೆಯ ಅಧಿಕಾರಿಗಳಾಗುವ ಕನಸು ಕಾಣುವಂತಾಯಿತು.

1969ರಲ್ಲಿ ಕಂಠಿಯವರು ತೀರಿಕೊಂಡರು. ಮುಧೋಳದ ಒಂದು ಕಾಲೇಜು ಅವರ ಹೆಸರನ್ನು ಹೊತ್ತಿದೆ. ಶಿಕ್ಷಣ ಸಚಿವರಾಗಿದ್ದವರಿಗೆ ಅದು ತಕ್ಕ ನೆನಪು.

ನಮ್ಮ ವಿರೂಪಾಕ್ಷ ದೇವಾಲಯದ ಶಾಸನ ಅದನ್ನು ಕಟ್ಟಿಸಿದ ರಾಣಿ ಲೋಕಮಹಾದೇವಿಯ ಜೊತೆಗೆ ಕಟ್ಟಿದ ಶಿಲ್ಪಿ ಗುಂಡನನ್ನೂ ಹೆಸರಿಸಿ ಗೌರವಿಸಿದೆ. ಪಟ್ಟವೇರಿದವರಷ್ಟೇ ಅಲ್ಲ, ಕೆಲಸ ಮಾಡಿದವರೂ ನೆನಪಿನಲ್ಲಿ ಉಳಿಯಬೇಕೆಂಬುದು ಈ ಊರಿನ ಹಳೆಯ ಪಾಠ. ಶಾಲೆಯ ಸುವರ್ಣ ಮಹೋತ್ಸವದ ಈ ಹೊತ್ತಿನಲ್ಲಿ ಕಂಠಿಯವರ ಹೆಸರನ್ನೂ ನಮ್ಮ ಮಕ್ಕಳಿಗೆ ಹೇಳೋಣ. ಅವರು ಎಷ್ಟು ದಿನ ಮುಖ್ಯಮಂತ್ರಿಯಾಗಿದ್ದರು ಎಂಬುದರ ಜೊತೆಗೆ, ಇಳಿದ ಮೇಲೆ ಏನು ಮಾಡಿದರು ಎಂಬುದನ್ನೂ ಹೇಳೋಣ.