ದೊಡ್ಡಾಟವನ್ನು ಬಿಟ್ಟು ಬರೆದ ರಂಗಚರಿತ್ರೆ

ಜರ್ಮನ್ ನಾಟಕಕಾರ ಬ್ರೆಕ್ಟ್ ಬಂದ ಮೇಲೆ ಕನ್ನಡದವರಿಗೆ ಬಯಲಾಟದ ಬೆಲೆ ತಿಳಿಯಿತು ಎಂಬ ಮಾತು ಈಗ ವಿಚಾರ ಸಂಕಿರಣಗಳಲ್ಲಿ ಸಲೀಸಾಗಿ ಬರುತ್ತದೆ. ನಮ್ಮ ಸುರಪುರ, ಶಹಾಪುರ, ಯಾದಗಿರಿ ಸೀಮೆಯಲ್ಲಿ ಬೆಳಗಿನವರೆಗೆ ಬಯಲಾಟದ ಒಂದು ಬಗೆಯಾದ ದೊಡ್ಡಾಟ ನೋಡಿ ಬೆಳೆದವರು ಇದನ್ನು ಒಪ್ಪಲಾರರು. ರಾಜನ ಪಾತ್ರವನ್ನು ಆಟ ನಡೆಸಿಕೊಡುವ ಸಾರಥಿ ತಡೆದು ನಿಲ್ಲಿಸಿ ಹೆಸರು, ಊರು, ಬಂದ ಕಾರಣ ಕೇಳುವಾಗ, ಇದು ಆಟ ಎಂಬುದನ್ನು ಯಾರೂ ಮರೆಯುವುದಿಲ್ಲ. ಬ್ರೆಕ್ಟ್ ಬಯಸಿದ್ದೂ ಇದನ್ನೇ. ಬ್ರೆಕ್ಟನೇ 1935ರಲ್ಲಿ ಮಾಸ್ಕೋದಲ್ಲಿ ಚೀನಾದ ನಟ ಮೇ ಲಾನ್‌ಫಾಂಗ್‌ನ ಅಭಿನಯ ಕಂಡು ಬೆರಗಾಗಿ ಲೇಖನ ಬರೆದವನು. ಏಷ್ಯಾದಿಂದ ಹೋದದ್ದೇ ಯುರೋಪಿನ ಹೆಸರು ಹೊತ್ತು ಮರಳಿ ಬಂತು.

ಕನ್ನಡದ ಹೊಸ ರಂಗಭೂಮಿಯ ಮೊದಲ ಘಟ್ಟ ಎಲ್ಲರಿಗೂ ಗೊತ್ತಿರುವುದೇ. ಶಾಂತಕವಿಗಳು ಗದಗಿನಲ್ಲಿ ನಾಟಕ ಮಂಡಳಿ ಕಟ್ಟಿದರು. 1895ರಲ್ಲಿ 'ಮ್ಯಾಕ್‌ಬೆತ್' ಶ್ರೀಕಂಠೇಶಗೌಡರ 'ಪ್ರತಾಪರುದ್ರದೇವ'ವಾಯಿತು. 'ಹ್ಯಾಮ್ಲೆಟ್' ಕುವೆಂಪು ಅವರ 'ರಕ್ತಾಕ್ಷಿ'ಯಾಯಿತು. ಕಥೆಗೆ ನಮ್ಮ ಹೆಸರು ಬಂತು, ಆಟಕ್ಕೆ ನಮ್ಮ ನಡೆ ಬರಲಿಲ್ಲ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ಸೀಮೆಯಲ್ಲಿ ಹೊರಗಿನದರ ಮತ್ತು ನಮ್ಮದರ ಬೆರಕೆ ಬೇರೆ ದಾರಿಯಲ್ಲಿ ನಡೆಯಿತು. ದೊಡ್ಡಾಟದ ಹಿಮ್ಮೇಳಕ್ಕೆ ಹಾರ್ಮೋನಿಯಂ ಸೇರಿತು, ಕಂಪನಿ ನಾಟಕದ ಮಟ್ಟುಗಳು ಬಂದವು. ಅದಕ್ಕೆ ಯಾರೂ 'ಪ್ರಯೋಗ' ಎಂಬ ಹೆಸರು ಕೊಡಲಿಲ್ಲ.

ನಿಜವಾದ ತಿರುವು ಎಪ್ಪತ್ತರ ದಶಕದ್ದು. ನಮ್ಮ ತಲೆಮಾರಿನ ಕಣ್ಣು ತೆರೆಸಿದ್ದೂ ಅದೇ. ಥಾಮಸ್ ಮಾನ್‌ನ ಕಥೆಯೊಂದು ಗಿರೀಶ ಕಾರ್ನಾಡರ 'ಹಯವದನ'ದಲ್ಲಿ ಯಕ್ಷಗಾನದ ಭಾಗವತನ ಬಾಯಿಗೆ ಬಂತು. 1972ರಲ್ಲಿ ಬಿ.ವಿ. ಕಾರಂತರು ಬೆಂಗಳೂರಿನಲ್ಲಿ ಗ್ರೀಕರ 'ಈಡಿಪಸ್' ಮತ್ತು ಚಂದ್ರಶೇಖರ ಕಂಬಾರರ 'ಜೋಕುಮಾರಸ್ವಾಮಿ' ಎರಡನ್ನೂ ಆಡಿಸಿದರು. ಗುಬ್ಬಿ ಕಂಪನಿಯಲ್ಲಿ ಬೆಳೆದು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತ ಕಾರಂತರಿಗೆ ಎರಡೂ ಪರಕೀಯವಾಗಿರಲಿಲ್ಲ. 1979ರ ಹಿಂದಿ 'ಬರ್ನಮ್ ವನ'ದಲ್ಲಿ ಅವರು ಮ್ಯಾಕ್‌ಬೆತ್‌ನನ್ನು ಯಕ್ಷಗಾನದ ಹೆಜ್ಜೆಯಲ್ಲಿ ನಡೆಸಿದರು. ಶಾಂಘೈನ ಕುನ್‌ಜು ತಂಡ 'ಮ್ಯಾಕ್‌ಬೆತ್' ನಾಟಕವನ್ನು ತನ್ನ ಹಳೆಯ ಗೀತನಾಟಕಕ್ಕೆ ಒಗ್ಗಿಸಿಕೊಂಡದ್ದು ಅದಾದ ಮೇಲೆ, ಎಂಬತ್ತರ ದಶಕದಲ್ಲಿ. ಕಾರಂತರದು ಆಳವಾದ ಕೆಲಸ, ಏಕೆಂದರೆ ಅದು ದೇಹದಿಂದ ಹುಟ್ಟಿತು. ಅವರ ಹಿಂದೆ ಬಂದ ಅನೇಕರು ಕಿರೀಟ, ಭುಜಕೀರ್ತಿ ತೊಡಿಸಿ ಸುಮ್ಮನಾದರು.

ಆದರೆ ಈ ಪ್ರಯೋಗಗಳಿಗೆ ಹೆಚ್ಚಾಗಿ ಒದಗಿದ್ದು ಕರಾವಳಿಯ ಯಕ್ಷಗಾನ, ಕಂಬಾರರ ಮೂಲಕ ಬಂದ ಬೆಳಗಾವಿ ಸೀಮೆಯ ಆಟ. ನಮ್ಮ ಕಡೆಯ ದೊಡ್ಡಾಟದ ಭಾರವಾದ ಕುಣಿತ, ಏರುದನಿಯ ಮಾತು ನಿರ್ದೇಶಕರ ಕಣ್ಣಿಗೆ ಬೀಳಲಿಲ್ಲ. ಇದಕ್ಕೆ ಕಾರಣವಿದೆ. ಯಕ್ಷಗಾನಕ್ಕೆ ತಿಂಗಳುಗಟ್ಟಲೆ ತಿರುಗುವ ವೃತ್ತಿಮೇಳಗಳಿವೆ, ಶಿವರಾಮ ಕಾರಂತರಂಥ ಸಂಶೋಧಕರೂ ಸಿಕ್ಕರು. ದೊಡ್ಡಾಟ ಆಡುವವರು ಒಕ್ಕಲಿಗರು, ಕೂಲಿಕಾರರು. ಸುಗ್ಗಿ ಮುಗಿದ ಮೇಲೆ ಆಟ ಕಲಿಸುವ ಮಾಸ್ತರರ ಕೈಯಲ್ಲಿ ರಾತ್ರಿ ತಾಲೀಮು ಮಾಡಿ, ಆಟವಾದ ಮೇಲೆ ಹೊಲಕ್ಕೆ ಮರಳುವವರು. ಪ್ರಯೋಗ ಮಾಡಲು ಬಂದವರಿಗೆ ಸದಾ ಸಿಗುವ ಮೇಳವೇ ಇಲ್ಲಿಲ್ಲ. ಹೀಗಾಗಿ ಎಲ್ಲವೂ ಮಾಸ್ತರರ ನೆನಪಿನಲ್ಲೇ ಉಳಿದಿದೆ; ಅವರಲ್ಲೊಬ್ಬರು ತೀರಿಕೊಂಡರೆ ಆ ಊರಿನ ಮಟ್ಟುಗಳೂ ಅವರೊಂದಿಗೇ ಹೋಗುತ್ತವೆ.

ದೊಡ್ಡಾಟಕ್ಕೂ ಒಗ್ಗುವ ನಾಟಕ ಈಗಾಗಲೇ ಇದೆ. ನಾಟಕಕಾರ ಎಚ್.ಎಸ್. ಶಿವಪ್ರಕಾಶರು ಮ್ಯಾಕ್‌ಬೆತ್‌ನನ್ನು 'ಮಾರನಾಯಕನ ದೃಷ್ಟಾಂತ'ದಲ್ಲಿ ಪಾಳೆಯಗಾರನನ್ನಾಗಿ ಮಾಡಿದ್ದಾರೆ. ನಿರ್ದೇಶಕ ಹುಲಗಪ್ಪ ಕಟ್ಟೀಮನಿಯವರು ಅದನ್ನು ಜೈಲಿನ ಬಂದಿಗಳಿಂದ ಆಡಿಸಿ ತೋರಿಸಿದ್ದಾರೆ. ನಾಯಕರು ಆಳಿದ ಸುರಪುರದಲ್ಲಿ ಅದನ್ನು ದೊಡ್ಡಾಟದವರ ಕೈಗೆ ಕೊಡಬೇಕು. ಬಾಗಲಕೋಟೆಯಲ್ಲಿ ಬಯಲಾಟ ಅಕಾಡೆಮಿ ಇದೆ, ಕಲಬುರಗಿಯಲ್ಲಿ ರಂಗಾಯಣವಿದೆ. ಇವೆರಡೂ ಸೇರಿ ಸುರಪುರ, ಶಹಾಪುರ, ಯಾದಗಿರಿ ತಾಲ್ಲೂಕುಗಳ ಮಾಸ್ತರರನ್ನು ಸಂಬಳ ಕೊಟ್ಟು ಗುರುಗಳಾಗಿ ಕರೆಸಲಿ, ಒಂದೊಂದು ಆಟವನ್ನಾದರೂ ಇಡೀ ರಾತ್ರಿ ಧ್ವನಿಮುದ್ರಿಸಿ ಇಡಲಿ.