ಸೈನಿಕ ಪೈಪ್ ಬ್ಯಾಂಡ್

ಸೈನಿಕ ಪೈಪ್ ಬ್ಯಾಂಡ್: ಬ್ಯಾಗ್‌ಪೈಪ್ ಮತ್ತು ಡ್ರಮ್ಮುಗಳನ್ನು ಕೂಡಿಸಿ ಕವಾಯತಿನ ನಡಿಗೆಗೆ ನುಡಿಸುವ ಪದಾತಿ ದಳದ ವಾದ್ಯಮೇಳ. ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್ ರೆಜಿಮೆಂಟುಗಳಲ್ಲಿ ಬೆಳೆದ ಈ ಪದ್ಧತಿ 19ನೆಯ ಶತಮಾನದಲ್ಲಿ ಬ್ರಿಟಿಷ್ ಭಾರತದ ಸೈನ್ಯಕ್ಕೆ ಬಂದು, ಸ್ವಾತಂತ್ರ್ಯದ ನಂತರವೂ ಉಳಿಯಿತು. ಕರ್ನಾಟಕದಲ್ಲಿ ಇದರ ಒಂದು ನೆಲೆ ಬೆಳಗಾವಿ. 1768ರಷ್ಟು ಹಳೆಯ ಬೇರುಳ್ಳ ಮರಾಠಾ ಲಘು ಪದಾತಿ ದಳದ ರೆಜಿಮೆಂಟಲ್ ಕೇಂದ್ರ 1922ರಿಂದ ಇಲ್ಲಿದೆ.

ವಾದಕ ಎಡ ತೋಳಿನಡಿಯ ಚೀಲಕ್ಕೆ ಗಾಳಿ ಊದಿ ಮೊಣಕೈಯಿಂದ ಒತ್ತುತ್ತಾನೆ. ಚಾಂಟರ್ ಎಂಬ ಕೊಳವೆ ಒಂಬತ್ತು ಸ್ವರ ಕೊಡುತ್ತದೆ, ಹೆಗಲ ಮೇಲಿನ ಮೂರು ಡ್ರೋನ್ ಕೊಳವೆಗಳು ಶ್ರುತಿ ಹಿಡಿಯುತ್ತವೆ. ನಾದ ಎಲ್ಲೂ ತುಂಡಾಗದು. ಒಂದೇ ಸ್ವರವನ್ನು ಎರಡು ಸಲ ಕೇಳಿಸಬೇಕಾದರೆ ನಡುವೆ ಕ್ಷಣಮಾತ್ರ ಬೇರೊಂದು ಸ್ವರ ಚಿಮ್ಮಿಸಬೇಕು. ಹೊಸಬನ ಬೆರಳು ಸೋಲುವುದು ಇಲ್ಲೇ. ಹೀಗೆಯೇ ಚೀಲದ ಗಾಳಿಯಿಂದ ಶ್ರುತಿ ಹಿಡಿಯುವ ತಿತ್ತಿ ಎಂಬ ವಾದ್ಯ ದಕ್ಷಿಣ ಭಾರತಕ್ಕೆ ಬ್ಯಾಗ್‌ಪೈಪ್ ಬರುವ ಮೊದಲೇ ಗೊತ್ತಿತ್ತು.

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಕನ್ನಡ, ಮರಾಠಿ ಮನೆಗಳಿಂದ ಸೈನ್ಯ ಸೇರುವ ರೂಢಿ ಹಳೆಯದು. ನಿವೃತ್ತ ಸೈನಿಕರನ್ನು ಒಟ್ಟಿಗಿರಿಸುವುದು ಜಾತಿ, ಭಾಷೆಗಿಂತ ಪಲ್ಟನ್, ಅಂದರೆ ಸೇವೆ ಸಲ್ಲಿಸಿದ ದಳ. ಮರಾಠರ 1670ರ ಸಿಂಹಗಡ ಕೋಟೆಯ ವಿಜಯದ ನೆನಪಿನ ಫೆಬ್ರವರಿ 4 ಮರಾಠಾ ಲಘು ಪದಾತಿ ದಳದ ದಿನ. ದೆಹಲಿಯಲ್ಲಿ ಜನವರಿ 29ರ ಬೀಟಿಂಗ್ ರಿಟ್ರೀಟ್ ಸಮಾರಂಭ ಸೈನ್ಯದ ಪೈಪ್ ಬ್ಯಾಂಡುಗಳ ದೊಡ್ಡ ಪ್ರದರ್ಶನ.